ಕಪಾಟಿನ ಹಿಂದಿನ ಗಾಳಿ

ಪುಸ್ತಕ ಭಂಡಾರದ ನಡುಗಂಬಕ್ಕೆ ತೂಗುಹಾಕಿದ ಮಾಪಕ 25 ಡಿಗ್ರಿ ಸೆಲ್ಸಿಯಸ್, ಶೇ. 50 ಆರ್ದ್ರತೆ ತೋರಿಸುತ್ತಿದೆ ಅಂದುಕೊಳ್ಳಿ. ನೆಮ್ಮದಿಯಿಂದ ಬಾಗಿಲು ಹಾಕಿಕೊಂಡು ಹೊರಡಬಹುದು ಅನ್ನಿಸುತ್ತದೆ. ಹೊರಡುವ ಮುಂಚೆ, ಹೊರಗೋಡೆಗೆ ಆತುಕೊಂಡ ಕಪಾಟಿನ ಹಿಂದೆ ಒಮ್ಮೆ ಕೈಯಾಡಿಸಿ. ಗೋಡೆ ತಣ್ಣಗಿರುತ್ತದೆ, ಗಾಳಿ ಆಡುವುದಿಲ್ಲ. ಅಲ್ಲಿ 18 ಡಿಗ್ರಿ ಇದ್ದರೆ, ಹೊಸದಾಗಿ ಒಂದು ಹನಿ ನೀರೂ ಸೇರದೆ, ಅದೇ ಗಾಳಿಯ ಆರ್ದ್ರತೆ ಸುಮಾರು ಶೇ. 77ಕ್ಕೆ ಏರಿರುತ್ತದೆ. ಗಾಳಿ ತಣಿದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆವಿ ಕಡಿಮೆ. ಹಾಗಾಗಿ ಇರುವ ಆವಿಯೇ ಅದಕ್ಕೆ ಭಾರವಾಗುತ್ತದೆ. ಶೇ. 65-70 ದಾಟಿದ ಗಾಳಿ ವಾರಗಟ್ಟಲೆ ಅಲ್ಲೇ ನಿಂತರೆ ಬೂಷ್ಟು ಹಿಡಿಯಲು ಅಷ್ಟೇ ಸಾಕು. ಅದೂ ಗೋಡೆಯ ಕಡೆಗಿರುವ ಹಾಳೆಯಂಚಿನಲ್ಲಿ, ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ.

ಮಾಪಕ ಇರಬೇಕಾದದ್ದು ಪುಸ್ತಕಗಳ ಪಕ್ಕದಲ್ಲಿ. ಡೇಟಾ ಲಾಗರ್ ಎಂಬ ಪುಟ್ಟ ಯಂತ್ರವನ್ನು ಅಂಥ ಮೂಲೆಯಲ್ಲಿಟ್ಟರೆ ಅರ್ಧ ಗಂಟೆಗೊಮ್ಮೆ ತಾನೇ ಅಳೆದು ತಿಂಗಳುಗಟ್ಟಲೆ ದಾಖಲಿಸುತ್ತದೆ. ರಾತ್ರಿ ಎ.ಸಿ. ಆರಿಸಿದ ಮೇಲೆ ಏನಾಗುತ್ತದೆಂದು ಹೇಳುವುದು ಅದೊಂದೇ. ಹಗಲು ಎರಡು ಹೊತ್ತು ನೋಡಿ ಬರೆದಿಡುವ ಪುಸ್ತಕದಲ್ಲಿ ಅದು ಸಿಗದು. ಆದರೆ ದಾಖಲೆಯ ಗೆರೆ ಒಂದು ಗಂಟೆ ಜಿಗಿದು ಇಳಿದರೆ ಗಾಬರಿ ಬೇಡ. ಒತ್ತಾಗಿ ಜೋಡಿಸಿದ ಪುಸ್ತಕಗಳು ತೇವವನ್ನು ಬಲು ನಿಧಾನವಾಗಿ ಹೀರುತ್ತವೆ. ನನಗೆ ಭಯವಾಗುವುದು ವಾರಗಟ್ಟಲೆ ಮೆಲ್ಲಗೆ ಮೇಲೇರುವ ಗೆರೆಯನ್ನು ಕಂಡಾಗ.

ಬಿಸಿಯ ಕೇಡಂತೂ ಕಣ್ಣಿಗೇ ಕಾಣದು. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಮರದ ತಿರುಳಿನ ಕಾಗದ, ಆಲಂ (ಒಂದು ಅಲ್ಯೂಮಿನಿಯಂ ಲವಣ) ಮತ್ತು ರಾಳದ ಲೇಪನ ವ್ಯಾಪಕವಾಗಿ ಬಳಕೆಗೆ ಬಂದವು. ಅಂಥ ಕಾಗದದಲ್ಲಿ ಉಳಿದ ಆಮ್ಲ, ಕಾಗದದ ನಾರನ್ನು ಕಟ್ಟಿರುವ ಸೆಲ್ಯುಲೋಸ್ ಎಂಬ ಉದ್ದನೆಯ ಅಣುಗಳ ಸರಪಳಿಯನ್ನು ತುಂಡರಿಸುತ್ತಾ ಹೋಗುತ್ತದೆ. ಉಷ್ಣತೆ ಏರಿದಂತೆ ಈ ಕೆಲಸ ಚುರುಕಾಗುತ್ತದೆ. ಕೋಣೆಯನ್ನು ನಾಲ್ಕೈದು ಡಿಗ್ರಿ ತಂಪಾಗಿಟ್ಟರೂ ಹಾಳೆಯ ಆಯಸ್ಸು ಗಣನೀಯವಾಗಿ ಹೆಚ್ಚುತ್ತದೆ. ಬೇಸಿಗೆಯಲ್ಲಿ ತುಂಡಾದ ಸರಪಳಿಯನ್ನು ಚಳಿಗಾಲ ಮತ್ತೆ ಬೆಸೆಯುವುದಿಲ್ಲ. ಹಾಗಾಗಿ ವರ್ಷದ ಸರಾಸರಿ ಉಷ್ಣತೆಯೊಂದನ್ನೇ ನಂಬಿ ಕೂರಬಾರದು.

ಇಷ್ಟೆಲ್ಲ ನಿಂತಿರುವುದು ಮಾಪಕದ ಮೇಲೆ. ಅದನ್ನು ಪರೀಕ್ಷಿಸುವುದು ಸುಲಭ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟೇ ನೀರು ಬೆರೆಸಿ, ಮಾಪಕಕ್ಕೆ ತಾಗದಂತೆ ಎರಡನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಒಂದು ದಿನ ಬಿಡಿ. ಒಳಗಿನ ಆರ್ದ್ರತೆ ಶೇ. 75ಕ್ಕೆ ಬಂದು ನಿಲ್ಲುತ್ತದೆ. ನಿಮ್ಮ ಮಾಪಕ 68 ತೋರಿಸಿದರೆ, ಅದು ತಿಂಗಳುಗಟ್ಟಲೆ ಶೇ. 62 ಎಂದು ಬರೆದಿಟ್ಟ ಮೂಲೆಯ ಪುಸ್ತಕಗಳನ್ನು ಇವತ್ತೇ ಹೊರತೆಗೆದು ನೋಡಿ.