ಅಡಕೆ ಕೊಟ್ಟಿಗೆಯಲ್ಲಿ ಚಿತ್ರ: ವಿಳಾಸವೇ ಹೆಸರಾದ ಗ್ಯಾಲರಿಗಳ ಹಿನ್ನೆಲೆ

"ಚಿತ್ರ ನೋಡಿ ಆತನ್ನೆ, ಇನ್ನು ಅಡಕ್ಕೆ ಹರಗುಲಕ್ಕೋ?"

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಹಳೇ ಮನೆಯ ಅಜ್ಜಿ ಪ್ರದರ್ಶನದ ಮೂರನೇ ದಿನ ಕೇಳಿದ್ದು ಇದು: ಚಿತ್ರ ನೋಡಿ ಆಯಿತಲ್ಲ, ಇನ್ನು ಅಡಕೆ ಹರಡಬಹುದೋ ಎಂದು. ಅವರ ಮೊಮ್ಮಗ ಮತ್ತು ಅವನ ನಾಲ್ಕೈದು ಗೆಳೆಯರು ಸೇರಿ ಅಡಕೆ ಹಾಕುವ ಕೊಟ್ಟಿಗೆಯನ್ನು ಗ್ಯಾಲರಿ ಮಾಡಿಕೊಂಡಿದ್ದರು. ಅಂಗಳದ ನಡುವೆ ಕೆಂಪುಕಲ್ಲಿನ ಪುಡಿಯಿಂದ ಬರೆದ ದೊಡ್ಡದೊಂದು ಕೃತಿ ಇತ್ತು. ಬಿಸಿಲು ಹೋದರೆ ಅಡಕೆ ಕಾಯುವುದಿಲ್ಲ. ಸಂಜೆ ಕಲಾವಿದನೇ ಹಿಡಿಸೂಡಿ ತಂದು ತನ್ನ ಕೃತಿಯನ್ನು ಗುಡಿಸಿದ. ನಾವೆಲ್ಲ ಬೇಜಾರಿನಿಂದ ನೋಡುತ್ತಿದ್ದರೆ ಅಜ್ಜಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ. ನಾಗನಿಗೆ ಕೊಡುವ ಆಶ್ಲೇಷಬಲಿಯ ಮಂಡಲವನ್ನು ಅಷ್ಟು ಹೊತ್ತು ಕೂತು ಬರೆದು ಕೊನೆಗೆ ಅಳಿಸುವುದನ್ನು ಅವರು ಚಿಕ್ಕಂದಿನಿಂದ ನೋಡಿದವರು. ಅರಿಶಿನ ಹುಡಿ, ಅಕ್ಕಿ ಹುಡಿ, ಸುಣ್ಣಕ್ಕೆ ಅರಿಶಿನ ಬೆರೆಸಿದ ಕೆಂಪು, ಸೊಪ್ಪಿನ ಹಸಿರು, ಕರಿ: ಬರೆದದ್ದು ಉಳಿಯಬೇಕು ಎಂಬ ಹಟ ಅಲ್ಲಿಲ್ಲ.

ಕಲಾವಿದರೇ ನಡೆಸುವ ಇಂಥ ಜಾಗಗಳನ್ನು ನಗರದಿಂದ ಬಂದ ಹೊಸ ಶೋಕಿ ಎನ್ನುವವರಿದ್ದಾರೆ. ಶೋಕಿ ಇರಬಹುದು, ಹೊಸದಂತೂ ಅಲ್ಲ. 1874ರ ಏಪ್ರಿಲಿನಲ್ಲಿ ಪ್ಯಾರಿಸಿನ ಮೂವತ್ತು ಮಂದಿ ಕಲಾವಿದರು ಸಲೋನ್ ಎಂಬ ಸರ್ಕಾರಿ ಕಲಾಪ್ರದರ್ಶನದ ಗೊಡವೆ ಬಿಟ್ಟು, ನಾದಾರ್ ಎಂಬ ಫೋಟೋಗ್ರಾಫರನ ಹಳೇ ಸ್ಟುಡಿಯೋದಲ್ಲಿ ಚಿತ್ರ ತೂಗಿಸಿದರು. ಪ್ರವೇಶಕ್ಕೆ ಒಂದು ಫ್ರಾಂಕ್. ನೋಡಿದ ಪತ್ರಿಕೆಯವನೊಬ್ಬ ಗೇಲಿಗೆ ಬಳಸಿದ 'ಇಂಪ್ರೆಷನಿಸ್ಟ್' ಎಂಬ ಶಬ್ದ ಆಮೇಲೆ ಅವರ ಹೆಸರೇ ಆಯಿತು. 1970ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಪಾಳು ಕಟ್ಟಡದ ನೆಲ ಅಂತಸ್ತು ಹೀಗೆಯೇ ತೆರೆದುಕೊಂಡಿತು. ಅದನ್ನು ಎಲ್ಲರೂ ಕರೆದದ್ದು ಅದರ ವಿಳಾಸದಿಂದಲೇ: 112 ಗ್ರೀನ್ ಸ್ಟ್ರೀಟ್.

ಈ ವಿಳಾಸದ ಸಂಗತಿ ನನಗೆ ಬಹಳ ಇಷ್ಟ. ನಮ್ಮ ದೇಶದಲ್ಲಿ 1962ರಲ್ಲಿ ಗುಜರಾತಿನ ಭಾವನಗರದ ಒಂದು ಮನೆಯಲ್ಲಿ ಕಲಾವಿದ ಜೆ. ಸ್ವಾಮಿನಾಥನ್ ಮತ್ತಿತರರು ಸೇರಿ ಒಂದು ಗುಂಪು ಕಟ್ಟಿದರು. ಹೆಸರಿಗೆ ತಲೆ ಕೆಡಿಸಿಕೊಳ್ಳದೆ ಆ ಮನೆಯ ನಂಬರನ್ನೇ ಇಟ್ಟುಕೊಂಡರು: ಗ್ರೂಪ್ 1890. ಹನ್ನೆರಡು ಸದಸ್ಯರು. 1963ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಪ್ರದರ್ಶನ. ಉದ್ಘಾಟನೆಗೆ ನೆಹರೂ ಬಂದರು, ಕ್ಯಾಟಲಾಗಿಗೆ ಆಗ ಮೆಕ್ಸಿಕೋದ ರಾಯಭಾರಿಯಾಗಿದ್ದ ಕವಿ ಆಕ್ಟೇವಿಯೋ ಪಾಜ್ ಬರೆದರು. ಇಷ್ಟೆಲ್ಲ ಆಗಿಯೂ ಎರಡನೇ ಪ್ರದರ್ಶನ ನಡೆಯಲೇ ಇಲ್ಲ. ಬೆಂಗಳೂರಿನಲ್ಲಿ ಸುರೇಶ್ ಜಯರಾಮ್ 2003ರಲ್ಲಿ ಶುರು ಮಾಡಿದ ಜಾಗಕ್ಕೂ ಬೀದಿಯದ್ದೇ ಹೆಸರು: ನಂ. 1 ಶಾಂತಿರೋಡ್. ವಾಸದ ಮನೆ, ಸ್ಟುಡಿಯೋ, ಗ್ಯಾಲರಿ ಎಲ್ಲ ಒಂದೇ ಸೂರಿನಡಿ. ಕಲಾವಿದರು ಬಂದು ಉಳಿಯುತ್ತಾರೆ, ಕೆಲಸ ಮಾಡುತ್ತಾರೆ, ತೋರಿಸಿ ಹೋಗುತ್ತಾರೆ. ಇಪ್ಪತ್ತು ವರ್ಷ ದಾಟಿದ ಜಾಗ ಅದು. ಅಂಥ ಆಯುಸ್ಸು ಅಪರೂಪ.

ನಮ್ಮಲ್ಲಿ ಮನೆಗಳಿಗೆ ನಂಬರಿಗಿಂತ ಮೊದಲೇ ಹೆಸರಿದೆ, ಮನೆಯದ್ದೋ ಊರಿನದ್ದೋ ಹೆಸರು ಮನುಷ್ಯರಿಗೆ ಅಂಟಿಕೊಳ್ಳುತ್ತದೆ. ಕಿಞ್ಞಣ್ಣ ರೈಗಳು ಕಯ್ಯಾರರಾದದ್ದು, ಗೋವಿಂದ ಪೈಗಳ ಹಿಂದೆ ಮಂಜೇಶ್ವರ ಬಂದದ್ದು ಹಾಗೆ. ಕೊಟ್ಟಿಗೆಯ ಗೆಳೆಯರೂ ಹೆಸರು ಹುಡುಕಲಿಲ್ಲ. ಮನೆಯ ಹೆಸರು ಇತ್ತಲ್ಲ.

ಇಲ್ಲಿ ಇಂಥ ಜಾಗ ಯಾಕೆ ಬೇಕಾಯಿತು ಎನ್ನುವುದಕ್ಕೆ 1956ಕ್ಕೆ ಹೋಗಬೇಕು. ಆವರೆಗೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ನವೆಂಬರ್ 1ಕ್ಕೆ ಕೇರಳ. 1962ರಲ್ಲಿ ಕೇರಳ ಲಲಿತಕಲಾ ಅಕಾಡೆಮಿ ಹುಟ್ಟಿ ತೃಶ್ಶೂರಿನಲ್ಲಿ ನೆಲೆಯಾಯಿತು, ಕರ್ನಾಟಕದ್ದು ಬೆಂಗಳೂರಿನಲ್ಲಿ. ಎರಡೂ ಇಲ್ಲಿಂದ ಒಂದು ರಾತ್ರಿಯ ಪ್ರಯಾಣ. ತೃಶ್ಶೂರಿಗೆ ಹೋದರೆ 'ನೀವು ಆ ಕಡೆಯವರಲ್ಲವೆ?', ಬೆಂಗಳೂರಿಗೆ ಹೋದರೂ 'ನೀವು ಆ ಕಡೆಯವರಲ್ಲವೆ?'. ಕೇರಳ ಅಕಾಡೆಮಿಯ ಆರ್ಟ್ ಗ್ಯಾಲರಿ ಕಾಞಂಗಾಡಿನಲ್ಲಿದೆ, ಅಂದರೆ ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ. ದೂರ ಹೆಚ್ಚಿಲ್ಲ. ಆದರೆ ಕನ್ನಡ ಶಾಲೆಯ ಡ್ರಾಯಿಂಗ್ ಮಾಷ್ಟ್ರಿಗೆ ಹೊಳೆ ದಾಟುವುದೆಂದರೆ ಇನ್ನೊಂದು ಭಾಷೆಯ ವಲಯಕ್ಕೆ ಕಾಲಿಟ್ಟ ಹಾಗೆ.

ಹಾಗೆಂದು ಇಲ್ಲಿ ಚಿತ್ರ ಬರೆಯುವವರಿಗೆ ಬರ ಇರಲಿಲ್ಲ. ಪಿ.ಎಸ್. ಪುಣಿಂಚಿತ್ತಾಯರ ನಿಸರ್ಗಚಿತ್ರಗಳನ್ನು ನೋಡಿ ಬ್ರಷ್ ಹಿಡಿದವರು ಬೇಕಾದಷ್ಟಿದ್ದಾರೆ. ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡುಗಳನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆಯುತ್ತಿದ್ದ ಕೈಗಳಿದ್ದವು. ಫ್ಲೆಕ್ಸ್ ಬಂದ ಮೇಲೆ ಆ ಕೈಗಳು ಬೇರೆ ಕೆಲಸ ಹಿಡಿದವು. ಹೊಳೆಯಾಚೆಯ ಕುಟ್ಟಮತ್ತಿನವರಾದ ಕಾನಾಯಿ ಕುಞಿರಾಮನ್ 1969ರಲ್ಲಿ ಪಾಲಕ್ಕಾಡಿನ ಮಲಂಬುಳದಲ್ಲಿ 'ಯಕ್ಷಿ' ಎಂಬ ದೊಡ್ಡ ಶಿಲ್ಪವನ್ನು ಬಯಲಲ್ಲೇ ಕೂರಿಸಿ ಹೆಸರಾದರು. ಬರೆಯುವವರಿದ್ದರು, ನಾಲ್ಕು ಗೋಡೆ ಇರಲಿಲ್ಲ.

ಗೋಡೆ ಹೇಗಿರಬೇಕು ಎಂಬುದರ ಬಗ್ಗೆ ಒಂದು ಭಯವೂ ಇತ್ತು. ಬಿಳೀ ಗೋಡೆ, ಎಸಿ, ಸದ್ದಿಲ್ಲದ ನೆಲ. 2012ರಲ್ಲಿ ಕೊಚ್ಚಿಯ ಬಿಯೆನಾಲೆ ಎಂಬ ದೊಡ್ಡ ಕಲಾಪ್ರದರ್ಶನ ಆಸ್ಪಿನ್‌ವಾಲ್‌ನಂಥ ಹಳೇ ಗೋದಾಮುಗಳಲ್ಲಿ ನಡೆದಾಗ ಆ ಭಯ ಅರ್ಧ ಹೋಯಿತು. ಗಾರೆ ಉದುರಿದ ಗೋಡೆಯೂ ಆಗುತ್ತದೆ ಎಂದಾಯಿತು. 2021ರಲ್ಲಿ ಆಲಪ್ಪುಳದ ಗೋದಾಮುಗಳಲ್ಲಿ 267 ಮಲಯಾಳಿ ಕಲಾವಿದರ ಪ್ರದರ್ಶನ ನಡೆಯಿತು, ಹೆಸರು 'ಲೋಕಮೇ ತರವಾಡ್', ಲೋಕವೇ ಕುಟುಂಬದ ಮನೆ. ಕೊಟ್ಟಿಗೆಯ ಗೆಳೆಯರಲ್ಲಿ ಒಬ್ಬ ಅದನ್ನು ನೋಡಿ ಬಂದು, 'ಲೋಕ ದೊಡ್ಡದಾಯಿತು, ನಮಗೆ ತರವಾಡು ಸಾಕು' ಎಂದಿದ್ದನಂತೆ.

ಸಾಕು ಎನ್ನುವುದು ಸುಲಭ. ಮೊಳೆ ಹೊಡೆಯಲು ಹೋದಾಗ ಕೆಂಪುಕಲ್ಲು ಪುಡಿಯಾಗಿ ಉದುರಿತು. ಕೊನೆಗೆ ಅಡಕೆ ಮರದ ಸಲಾಕೆಗಳನ್ನು ಮಾಡಿನ ಪಕಾಸಿಗೆ ಅಡ್ಡ ಕಟ್ಟಿ, ಹುರಿಹಗ್ಗದಲ್ಲಿ ಚಿತ್ರಗಳನ್ನು ಇಳಿಬಿಟ್ಟರು. ಗಾಳಿ ಬಂದರೆ ಎಲ್ಲ ಒಂದೇ ಸಲ ತಿರುಗುತ್ತವೆ, ಚಿತ್ರದ ಬೆನ್ನೂ ಕಾಣುತ್ತದೆ. ಮಳೆಗಾಲದಲ್ಲಿ ಕೊಟ್ಟಿಗೆ ಖಾಲಿ, ಆದರೆ ಆಟಿಯ ತೇವಕ್ಕೆ ಕಾಗದ ಸೊಟ್ಟಗಾಗಿ ಬೂಷ್ಟು ಹಿಡಿಯುತ್ತದೆ. ಬಿಸಿಲು ಬಂತೆಂದರೆ ಅಡಕೆಯೂ ಬಂತು, ಚಾಲಿ ಒಣಗಲು ನಲವತ್ತು ದಿನ ಬೇಕು. ನಡುವೆ ಸಿಗುವ ಕೆಲವೇ ವಾರಗಳಲ್ಲಿ ಪ್ರದರ್ಶನ ಮುಗಿಯಬೇಕು. ಯಾವ ಕ್ಯುರೇಟರನೂ ಹಾಕಿಕೊಡದ ಕ್ಯಾಲೆಂಡರು ಇದು.

ದುಡ್ಡಿನ ವಿಷಯಕ್ಕೆ ಬಂದರೆ ನೆನಪಾಗುವುದು ಮದ್ರಾಸಿನ ಬಳಿಯ ಕಲಾವಿದರ ಹಳ್ಳಿ ಚೋಳಮಂಡಲ. ಮದ್ರಾಸ್ ಕಲಾಶಾಲೆಯ ಪ್ರಿನ್ಸಿಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಶಿಷ್ಯರು ಬಾಟಿಕ್ ಬಟ್ಟೆ, ಕರಕುಶಲ ವಸ್ತು ಮಾಡಿ ಮಾರಿ, ಕೂಡಿಟ್ಟ ಹಣದಲ್ಲಿ 1966ರಲ್ಲಿ ಕಡಲ ಬದಿಯಲ್ಲಿ ಜಾಗ ಕೊಂಡರು. ಸ್ವಂತ ನೆಲ ಇದ್ದದ್ದಕ್ಕೇ ಅದು ಇಂದಿಗೂ ಇದೆ ಎಂದು ನನ್ನ ಅಂದಾಜು. ಎರವಲು ಕೋಣೆಯ ಜಾಗಗಳು ಮಾಲೀಕನ ಮಗಳ ಮದುವೆ ಗೊತ್ತಾದ ಕೂಡಲೇ ಮುಚ್ಚುತ್ತವೆ. ಕೊಟ್ಟಿಗೆಯಲ್ಲಿ ಬಾಡಿಗೆಯೂ ಇಲ್ಲ, ಕಮಿಷನ್ನೂ ಇಲ್ಲ. ಕಳೆದ ಸಲ ಹೆಚ್ಚು ಖರ್ಚಾದದ್ದು ಬಲ್ಬಿಗೆ ಮತ್ತು ಚಟ್ಟಂಬಡೆಗೆ.

1860ರ ಕಾಯ್ದೆಯಡಿ ಸಂಘವಾಗಿ ನೋಂದಾಯಿಸಿದರೆ ಅನುದಾನಕ್ಕೆ ಅರ್ಜಿ ಹಾಕಬಹುದು ಎಂದು ಹಿತೈಷಿಗಳು ಹೇಳಿದರು. ಆಗ ಅಧ್ಯಕ್ಷರು, ಕಾರ್ಯದರ್ಶಿ, ಕೋಶಾಧಿಕಾರಿ ಬೇಕು. ದೀಪ, ಶಾಲು, ಎರಡು ಗಂಟೆ ಭಾಷಣ ತಾನಾಗಿ ಹಿಂದೆ ಬರುತ್ತವೆ. ಕಾಸರಗೋಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಗೆಳೆಯರು ಬೇಡವೆಂದರು. ಸರಿಯೇ. ಆದರೆ ನೋಂದಣಿ ಇಲ್ಲದ ಕಡೆ ಲೆಕ್ಕ ಕೇಳುವವರೂ ಇಲ್ಲ. ಯಾರ ಚಿತ್ರ ತೂಗಬೇಕು ಎನ್ನುವುದು ಯಾರಿಗೆ ಯಾರ ಪರಿಚಯ ಎಂಬುದರ ಮೇಲೆ ನಿಂತಿದೆ. ನಾಲ್ಕು ಪ್ರದರ್ಶನಗಳಲ್ಲಿ ನಾನು ನೋಡಿದ ಹೆಣ್ಣುಮಕ್ಕಳ ಚಿತ್ರ ಎರಡೇ ಎರಡು. ಬಂದವರಿಗೆಲ್ಲ ಆಸರಿಗೆ ಕೊಟ್ಟು ಲೋಟ ತೊಳೆದವರ ಹೆಸರು ಕರೆಯೋಲೆಯಲ್ಲಿ ಇರಲಿಲ್ಲ.

ಆ ಕರೆಯೋಲೆಯೂ ಒಂದು ತಕರಾರೇ: ಕನ್ನಡ ಮೊದಲೋ, ಮಲಯಾಳ ಮೊದಲೋ? ಬಸ್ಸಿಗೆ ಬೋರ್ಡು ಬರೆಯುತ್ತಿದ್ದ ಹಿರಿಯರೊಬ್ಬರು ಕಾಗದವನ್ನು ಮಡಚಿ, ಯಾವ ಕಡೆಯಿಂದ ತೆರೆದರೂ ಮೊದಲ ಪುಟವೇ ಆಗುವಂತೆ ಎರಡೂ ಲಿಪಿಯಲ್ಲಿ ಕೈಯಾರೆ ಬರೆದುಕೊಟ್ಟರು.

ಈ ವರ್ಷ ಅಂಗಳಕ್ಕೆ ಪ್ಲಾಸ್ಟಿಕ್ ಹೊದಿಸಿದ ಸೋಲಾರ್ ಗೂಡು ಬಂದಿದೆ. ಅಡಕೆ ಇನ್ನು ಅದರೊಳಗೇ ಒಣಗುತ್ತದೆ. ಕೊಟ್ಟಿಗೆಯ ಪಕಾಸಿಗೆ ಗೆದ್ದಲು ಹಿಡಿದಿದೆ, ಕೆಡವಿ ಕಾರ್ ಶೆಡ್ ಮಾಡುವ ಮಾತು ನಡೆದಿದೆ. ಪೇಟೆಯಲ್ಲಿ ಮುಚ್ಚಿದ ಅಂಗಡಿಯ ಮಾಳಿಗೆಯೊಂದನ್ನು ಗೆಳೆಯರು ನೋಡಿ ಬಂದಿದ್ದಾರೆ. ಅಲ್ಲಿಗೆ ಹೋದರೂ ಮನೆಯ ಹೆಸರನ್ನೇ ಇಟ್ಟುಕೊಳ್ಳಬಹುದೇ ಎಂದು ಮೊಮ್ಮಗ ಅಜ್ಜಿಯನ್ನು ಕೇಳಿದ. ಬಾಡಿಗೆ ಎಷ್ಟಂತೆ ಎಂದರು ಅವರು.