ಜಾತ್ರೆಯ ಬಜ್ಜಿಗೆ ಒಂದು ಚೀಟಿ, ಬಾಟಲಿಗೆ ಇನ್ನೊಂದು

ಊರಲ್ಲಿ ಆಹಾರ ಮೇಳವೋ ಸಂಗೀತ ಸಂಜೆಯೋ ಮಾಡೋಣ ಅಂತ ಹೊರಟವರ ಮೊದಲ ಪ್ರಶ್ನೆ: ಪರ್ಮಿಷನ್ ಎಲ್ಲಿ ತಗೋಬೇಕು? ಒಂದೇ ಕಚೇರಿಯಲ್ಲಿ ಉತ್ತರ ಸಿಗುವುದಿಲ್ಲ. ಮೈದಾನ ಯಾರದ್ದೋ ಅವರ ಒಪ್ಪಿಗೆ ಬೇಕು. ಪೊಲೀಸರ ಅನುಮತಿ ಬೇಕು. ಅಂಗಡಿಯವರಿಗೆ ಆಹಾರ ಸುರಕ್ಷತೆಯ ನೋಂದಣಿ ಬೇಕು. ಬಿಯರ್ ಕೌಂಟರ್ ಇಡುವುದಾದರೆ ಅಬಕಾರಿ ಇಲಾಖೆಯ ಸನ್ನದು, ಅಂದರೆ ಲೈಸೆನ್ಸ್, ಬೇಕು. ಸುಮ್ನೆ ಅಲೆಸ್ತಾರೆ ಅಂತ ಬೈಯುವುದು ಸುಲಭ, ಅಲೆಸುವುದೂ ನಿಜ. ಆದರೆ ಈ ಕಾಗದಗಳು ಒಂದೇ ಕಾಲದಲ್ಲಿ, ಒಂದೇ ಕಾರಣಕ್ಕೆ ಹುಟ್ಟಿದವಲ್ಲ. ತಿಂಡಿ ಅಂಗಡಿಯ ಅನುಮತಿ ನೆಲದ ಲೆಕ್ಕದಿಂದ ಶುರುವಾಯಿತು, ಮದ್ಯದ್ದು ಖಜಾನೆಯ ಲೆಕ್ಕದಿಂದ.

ಜಾತ್ರೆಯಲ್ಲಿ ಅಂಗಡಿ ಹಾಕಿದವರಿಗೆ ಸುಂಕದವನ ಪರಿಚಯ ಚೆನ್ನಾಗಿಯೇ ಇರುತ್ತದೆ. ಬೆಳಿಗ್ಗೆ ಒಲೆ ಹಚ್ಚುವಷ್ಟರಲ್ಲಿ ರಸೀದಿ ಪುಸ್ತಕ ಹಿಡಿದು ಬರುತ್ತಾನೆ. ಎಷ್ಟು ಅಡಿ ಜಾಗ ಹಿಡಿದಿದ್ದೀರಿ ಅಂತ ಕಣ್ಣಲ್ಲೇ ಅಳೆದು ಚೀಟಿ ಹರಿದು ಕೊಡುತ್ತಾನೆ. ಬಾಣಲೆಯಲ್ಲಿ ಯಾವ ಎಣ್ಣೆ ಇದೆ ಎನ್ನುವುದು ಅವನಿಗೆ ಬೇಕಿಲ್ಲ. ಸಂತೆ, ಜಾತ್ರೆಗಳಲ್ಲಿ ಶುಲ್ಕ ಹಾಕುವ ಅಧಿಕಾರವನ್ನು 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯಿತಿಗಳಿಗೆ ಕೊಟ್ಟಿದೆ. ಬಹಳ ಕಡೆ ಸುಂಕ ವಸೂಲಿಯನ್ನೇ ಹರಾಜು ಹಾಕುತ್ತಾರೆ. ಹರಾಜು ಹಿಡಿದವನು ಹಾಕಿದ ದುಡ್ಡು ತೆಗೆಯಬೇಕಲ್ವಾ? ಅದಕ್ಕೇ ಜಗಳ.

ನೆಲ ದೇವಸ್ಥಾನದ್ದಾದರೆ ಲೆಕ್ಕ ಇನ್ನೂ ಸಿಕ್ಕು. ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆ 1997ರದ್ದು. ಅದರ ನಿಯಮಗಳು ಬಂದದ್ದು 2002ರಲ್ಲಿ. ದೇವಸ್ಥಾನದ ಆಸುಪಾಸಿನ ಆಸ್ತಿಯನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆಗೆ ಕೊಡಬಾರದು ಅಂತ ಅಲ್ಲೊಂದು ಸಾಲಿದೆ. ಇಪ್ಪತ್ತು ವರ್ಷ ಯಾರೂ ಅದರ ಬಗ್ಗೆ ಹೆಚ್ಚು ಮಾತಾಡಲಿಲ್ಲ. 2022ರ ಮಾರ್ಚ್‌ನಲ್ಲಿ ಉಡುಪಿ ಜಿಲ್ಲೆಯ ಕಾಪು ಮಾರಿಗುಡಿಯ ಸುಗ್ಗಿ ಮಾರಿಪೂಜೆಗೆ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಕೊಡಬಾರದು ಎಂಬ ಒತ್ತಡ ಬಂದಾಗ ಅದು ವಿಧಾನಸಭೆಯವರೆಗೆ ಹೋಯಿತು. ಸರ್ಕಾರ 2002ರ ನಿಯಮ ತೋರಿಸಿತು. ಅದು ಕಟ್ಟಡ, ಜಮೀನು ಗುತ್ತಿಗೆ ಕೊಡುವ ಮಾತು, ಎರಡು ದಿನದ ಜಾತ್ರೆ ಅಂಗಡಿಗೆ ಹೇಗೆ ಅನ್ವಯಿಸುತ್ತದೆ ಅಂತ ವಿರೋಧಿಸಿದವರು ಕೇಳಿದರು. ನನಗೂ ಆ ಪ್ರಶ್ನೆ ಸರಿಯಾದದ್ದೇ ಅನ್ನಿಸುತ್ತದೆ. ತಲೆಮಾರುಗಳಿಂದ ಅದೇ ಜಾತ್ರೆಗೆ ಬರುತ್ತಿದ್ದವರ ಜಾಗ ಒಂದು ಸಾಲಿನ ಅರ್ಥದ ಮೇಲೆ ನಿಂತುಬಿಟ್ಟಿತು.

ಪೇಟೆಯ ಬೀದಿಯ ಕತೆ ಬೇರೆ. 1989ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ದೆಹಲಿಯ ಸೋದನ್ ಸಿಂಗ್ ಪ್ರಕರಣದಲ್ಲಿ, ಬೀದಿ ವ್ಯಾಪಾರವೂ ಮೂಲಭೂತ ಹಕ್ಕು ಅಂತ ಹೇಳಿತು. ಇಂಥದೇ ಜಾಗ ಬೇಕು ಎನ್ನುವ ಹಕ್ಕಿಲ್ಲ, ನಿಯಮ ಹಾಕಬಹುದು, ಆದರೆ ವ್ಯಾಪಾರವೇ ಬೇಡ ಅನ್ನುವಂತಿಲ್ಲ. ಅದರ ಮೇಲೆ ಕಾನೂನು ಬರಲು ಮತ್ತೆ 25 ವರ್ಷ ಬೇಕಾಯಿತು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ಆದರೆ ಇದು ನಗರ, ಪಟ್ಟಣಗಳ ಕಾಯ್ದೆ. ಹಳ್ಳಿ ಜಾತ್ರೆಯ ಮಂಡಕ್ಕಿ ಅಂಗಡಿ ಇವತ್ತಿಗೂ ಪಂಚಾಯಿತಿ, ದೇವಸ್ಥಾನ ಸಮಿತಿಗಳ ಕೈಯಲ್ಲೇ ಇದೆ.

ಇಷ್ಟೆಲ್ಲ ಆದರೂ ತಿನ್ನುವ ವಸ್ತುವಿನ ವಿಚಾರ ಬಂದದ್ದು ತಡವಾಗಿ. ಕಲಬೆರಕೆ ತಡೆ ಕಾಯ್ದೆ 1954ರಲ್ಲೇ ಇತ್ತು, ಆದರೆ ತಳ್ಳುಗಾಡಿಯವರೆಲ್ಲ ಹೆಸರು ಬರೆಸಬೇಕು ಎನ್ನುವ ವ್ಯವಸ್ಥೆ ದೇಶಕ್ಕೆಲ್ಲ ಬಂದದ್ದು ಆಹಾರ ಸುರಕ್ಷತೆ ಕಾಯ್ದೆಯ ನಿಯಮಗಳು ಜಾರಿಯಾದ 2011ರ ಆಗಸ್ಟ್ ನಂತರ. ಸಣ್ಣ ವ್ಯಾಪಾರಿ, ತಾತ್ಕಾಲಿಕ ಅಂಗಡಿ, ಧಾರ್ಮಿಕ ಕೂಟದಲ್ಲಿ ಊಟ ಬಡಿಸುವವರು ಎಲ್ಲರೂ ಅದರೊಳಗೆ ಬಂದರು. ಆಗ ಇಟ್ಟ ಶುಲ್ಕ ವರ್ಷಕ್ಕೆ 100 ರೂಪಾಯಿ. ಲ್ಯಾಮಿನೇಟ್ ಮಾಡಿಸಿದ ಆ ಹಾಳೆ ಈಗ ಗೋಬಿ ಗಾಡಿಗಳ ಮೇಲೂ ತೂಗುತ್ತಿರುತ್ತದೆ, ಪಕ್ಕದಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ.

ಜನ ಇದನ್ನು ಗಂಭೀರವಾಗಿ ತಗೊಂಡದ್ದು ದುರಂತಗಳಾದ ಮೇಲೆ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಕಿಚ್‌ಗುತ್ ಮಾರಮ್ಮ ದೇವಸ್ಥಾನದಲ್ಲಿ ಪ್ರಸಾದಕ್ಕೆ ಕೀಟನಾಶಕ ಬೆರೆಸಿದ್ದರು. 17 ಜನ ಸತ್ತರು. ಅದು ಅಡುಗೆಯ ತಪ್ಪಲ್ಲ, ಬೇಕೆಂದೇ ಮಾಡಿದ ಅಪರಾಧ. ಆದರೂ ಆಮೇಲೆ ಪ್ರಸಾದ ಯಾರು ಮಾಡುತ್ತಾರೆ, ಎಲ್ಲಿ ಮಾಡುತ್ತಾರೆ ಅಂತ ಕೇಳುವುದು ಶುರುವಾಯಿತು. 2024ರ ಗಣೇಶ ಹಬ್ಬದಲ್ಲಿ ಪೆಂಡಾಲ್ ಪ್ರಸಾದಕ್ಕೂ ಆಹಾರ ಸುರಕ್ಷತೆಯ ಪ್ರಮಾಣಪತ್ರ ಬೇಕು ಅಂದಾಗ ರಾಜಕೀಯ ಗದ್ದಲವೇ ಆಯಿತು.

ಅದೇ ವರ್ಷ ಗೋಬಿ ಮಂಚೂರಿಯ ಸರದಿ. ವರ್ಷದ ಆರಂಭದಲ್ಲೇ ಗೋವಾದ ಮಾಪುಸಾ ನಗರಸಭೆ ಗೋಬಿ ಬೇಡ ಅಂತ ತೀರ್ಮಾನಿಸಿದ ಸುದ್ದಿ ಬಂತು. ಮಾತು ಎದ್ದದ್ದು ಅಲ್ಲಿನ ಬೋಡಗೇಶ್ವರ ಜಾತ್ರೆಯ ಅಂಗಡಿಗಳ ವಿಚಾರದಲ್ಲಿ. ಕರ್ನಾಟಕದಲ್ಲಿ ಆರೋಗ್ಯ ಇಲಾಖೆ 171 ಗೋಬಿ ಮಾದರಿ ಪರೀಕ್ಷಿಸಿತು, 107ರಲ್ಲಿ ಕೃತಕ ಬಣ್ಣ ಸಿಕ್ಕಿತು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15 ಅಸುರಕ್ಷಿತ. ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ನಿಷೇಧ ಪ್ರಕಟಿಸಿದರು. ನಿಷೇಧವಾದದ್ದು ಬಣ್ಣ, ಗೋಬಿ ಅಲ್ಲ. ಎಷ್ಟೋ ಜನ ಇನ್ನೂ ಗೋಬಿಯೇ ಬ್ಯಾನ್ ಅಂದುಕೊಂಡಿದ್ದಾರೆ.

ಮದ್ಯದ ದಾರಿ ಉಲ್ಟಾ. ಇಲ್ಲಿ ಸರ್ಕಾರ ಯಾವತ್ತೂ ಕೈ ಬಿಟ್ಟದ್ದೇ ಇಲ್ಲ. ಹೆಂಡದ ಗುತ್ತಿಗೆ ಹರಾಜು ಹಾಕಿ ಬೊಕ್ಕಸ ತುಂಬಿಸುವುದು ಬ್ರಿಟಿಷರ ಕಾಲದ ಅಭ್ಯಾಸ. ಮದ್ಯ ತ್ಯಜಿಸುವ ಕಡೆ ಹೋಗಬೇಕು ಅಂತ ಸಂವಿಧಾನದ 47ನೇ ವಿಧಿ ಹೇಳಿತು. ರಾಜ್ಯ ಒಂದಾದಾಗ ಮದ್ರಾಸ್, ಮುಂಬೈ ಕಡೆಯಿಂದ ಸೇರಿದ ಜಿಲ್ಲೆಗಳು ಪಾನನಿಷೇಧವನ್ನು ಜೊತೆಗೇ ತಂದವು. 1961ರಲ್ಲಿ ಮೈಸೂರು ಪಾನನಿಷೇಧ ಕಾಯ್ದೆ ಬಂತು, 1967ರ ಹೊತ್ತಿಗೆ ನಿಷೇಧ ಎದ್ದುಹೋಯಿತು. ಅದರ ಜಾಗಕ್ಕೆ 1965ರ ಅಬಕಾರಿ ಕಾಯ್ದೆ ಮತ್ತು 1968ರ ಮಾರಾಟ ನಿಯಮಗಳು. ಸಿಎಲ್-2, ಸಿಎಲ್-7, ಸಿಎಲ್-9 ಅಂತ ಮದ್ಯದಂಗಡಿ, ಬಾರ್‌ಗಳ ಬೋರ್ಡಿನ ಮೇಲೆ ಕಾಣುವ ಸನ್ನದಿನ ಗುರುತುಗಳೆಲ್ಲ ಆ ನಿಯಮಗಳ ಕೂಸು. ಒಂದು ಸಂದರ್ಭಕ್ಕೆ ಮಾತ್ರ ಕೊಡುವ ಸನ್ನದು ಸಿಎಲ್-5. ಸಮಾರಂಭದಲ್ಲಿ ಬಿಯರ್ ಕೌಂಟರ್ ಹಾಕುವವರು ಕೇಳಬೇಕಾದ್ದು ಅದನ್ನೇ.

ತಿಂಡಿ ಗಾಡಿಗೂ ಬಿಯರ್ ಕೌಂಟರಿಗೂ ಕಾನೂನಿನ ಕಣ್ಣಲ್ಲಿ ಇರುವ ವ್ಯತ್ಯಾಸ ಇಲ್ಲಿದೆ. ಸೋದನ್ ಸಿಂಗ್ ತೀರ್ಪಾಗಿ ಐದು ವರ್ಷಕ್ಕೆ, 1994ರಲ್ಲಿ, ನಮ್ಮದೇ ರಾಜ್ಯದ ಖೋಡೆ ಡಿಸ್ಟಿಲರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮದ್ಯ ವ್ಯಾಪಾರ ಮೂಲಭೂತ ಹಕ್ಕಲ್ಲ ಅಂತ ಹೇಳಿತು. ಸರ್ಕಾರ ಮದ್ಯವನ್ನು ಪೂರ್ತಿ ನಿಷೇಧಿಸಬಹುದು, ತಾನೇ ಮಾರಬಹುದು, ಷರತ್ತು ಹಾಕಿ ಸನ್ನದು ಕೊಡಬಹುದು. ಅದಕ್ಕೇ ಗಣೇಶ ವಿಸರ್ಜನೆಗೋ ಮತದಾನಕ್ಕೋ ಒಂದು ಆದೇಶ ಹೊರಡಿಸಿ ಬಾರ್‌ಗಳ ಬಾಗಿಲು ಹಾಕಿಸುವುದು ಅಷ್ಟು ಸಲೀಸು. ಬಜ್ಜಿ ಅಂಗಡಿಯನ್ನು ಹಾಗೆ ಮುಚ್ಚಿಸಲು ಬೇರೆ ಕಾರಣ ಹುಡುಕಬೇಕು.

ಸರ್ಕಾರದ ಎರಡು ಮನಸ್ಸು ಎದ್ದು ಕಂಡದ್ದು 2007ರಲ್ಲಿ. ಜುಲೈ 1ರಿಂದ ಸಾರಾಯಿ ಬಂದ್. ಅದೇ ವರ್ಷ ದ್ರಾಕ್ಷಿ ಬೆಳೆಗಾರರ ಹೆಸರಲ್ಲಿ ವೈನ್ ನೀತಿ, ದ್ರಾಕ್ಷಾರಸ ಮಂಡಳಿ. ಮುಂದೆ ಮಂಡಳಿಯೇ ಮಳಿಗೆ ಹಾಕಿಸಿ ವೈನ್ ಮೇಳ ನಡೆಸಿತು. ಬಡವರ ಸಾರಾಯಿ ಪಾಕೀಟಿಗೆ ಬೀಗ, ಗ್ಲಾಸಿನ ವೈನಿಗೆ ಉತ್ಸವ. ಇದನ್ನು ರೈತಪರ ಅನ್ನಿ, ಇಬ್ಬಂದಿತನ ಅನ್ನಿ. 2025–26ರ ಬಜೆಟ್ಟಿನಲ್ಲಿ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ.

ಈ ಎರಡೂ ದಾರಿ ಕೂಡುವುದು ಕಬಾಬ್ ಗಾಡಿಯ ಹತ್ತಿರ. ಗಾಡಿಯವನ ಬಳಿ ನೋಂದಣಿ ಇದೆ, ಸುಂಕದ ಚೀಟಿ ಇದೆ. ಗಿರಾಕಿಗಳು ಪಕ್ಕದ ವೈನ್ ಸ್ಟೋರಿನಿಂದ ಕ್ವಾರ್ಟರ್ ತಂದು, ಪ್ಲಾಸ್ಟಿಕ್ ಲೋಟ ಕೇಳಿ, ಅಲ್ಲೇ ನಿಂತು ಕುಡಿಯುತ್ತಾರೆ. ಗಾಡಿಯವನು ಮಾರಿದ್ದು ಕಬಾಬ್ ಮಾತ್ರ. ಆದರೂ ಕೇಸ್ ಅವನ ಮೇಲೇ. ಅಬಕಾರಿ ಕಾಯ್ದೆಯ 15-ಎ ಸೆಕ್ಷನ್ ಸಾರ್ವಜನಿಕ ಜಾಗದಲ್ಲಿ ಕುಡಿಯುವುದನ್ನು ತಡೆಯುತ್ತದೆ. 'ಸಾರ್ವಜನಿಕ ಸ್ಥಳದಲ್ಲಿ ಮದ್ಯಪಾನಕ್ಕೆ ಅವಕಾಶ ಮಾಡಿಕೊಟ್ಟ ಆರೋಪ' ಅಂತ ಜಿಲ್ಲಾ ಪತ್ರಿಕೆಗಳಲ್ಲಿ ಎರಡು ಸಾಲಿನ ಸುದ್ದಿ ಬರುತ್ತಿರುತ್ತದಲ್ಲ, ಅದು ಇದೇ. ಮೇಳ ನಡೆಸುವವರು ಸಿಎಲ್-5 ತಗೊಂಡರೂ ಅಷ್ಟೇ. ಸನ್ನದು ಇರುವುದು ಅದರಲ್ಲಿ ಬರೆದ ಜಾಗಕ್ಕೆ, ಬರೆದ ದಿನಕ್ಕೆ. ಬಿಯರ್ ಲೋಟ ಹಿಡಿದವರು ಅದರಾಚೆ ರಸ್ತೆಬದಿಯ ತಿಂಡಿ ಗಾಡಿಗೆ ಬಂದು ನಿಂತರೆ ಅಲ್ಲಿಗೆ ಅದು ಅನ್ವಯಿಸುವುದಿಲ್ಲ.