ಪದ ಪರಿಚಯ: ಶೇಪ್ ಮೆಮರಿ ಆಕ್ಚುವೇಟರ್

ಕಾರಿಗೆ ಸೆಂಟ್ರಲ್ ಲಾಕ್ ಹಾಕಿಸಿದವರು ಆಕ್ಚುವೇಟರ್ ಅನ್ನುವ ಪದವನ್ನು ಮೆಕ್ಯಾನಿಕ್ ಬಾಯಲ್ಲಿ ಕೇಳಿರುತ್ತೀರಿ. ರಿಮೋಟ್ ಒತ್ತಿದ ತಕ್ಷಣ ಬಾಗಿಲಿನೊಳಗೆ ‘ಟಕ್’ ಅಂತ ಒಂದು ಕಡ್ಡಿಯನ್ನು ಎಳೆಯುತ್ತದಲ್ಲ, ಆ ಪುಟ್ಟ ಡಬ್ಬಿಯೇ ಆಕ್ಚುವೇಟರ್. ವೈರಿನಲ್ಲಿ ಬಂದ ಕರೆಂಟನ್ನು ಚಲನೆಯಾಗಿ ಬದಲಾಯಿಸುವುದು ಅದರ ಕೆಲಸ. ಯಂತ್ರದ ಕೈ ಅಂದರೂ ನಡೆಯುತ್ತದೆ. ಡಬ್ಬಿ ಬಿಚ್ಚಿದರೆ ಒಳಗೆ ಮೋಟಾರು, ಹಲ್ಲಿನ ಚಕ್ರಗಳು ಇರುತ್ತವೆ.

ಈಗ ಆ ಮೋಟಾರನ್ನೂ ಚಕ್ರಗಳನ್ನೂ ತೆಗೆದುಹಾಕಿ, ಅವುಗಳ ಜಾಗದಲ್ಲಿ ತಲೆಗೂದಲಿನಷ್ಟು ತೆಳುವಾದ ಒಂದೇ ಒಂದು ತಂತಿ ಇಡಿ. ಕರೆಂಟು ಹರಿದರೆ ತಂತಿ ಬಿಸಿಯಾಗುತ್ತದೆ. ಬಿಸಿಯಾದರೆ ಕುಗ್ಗುತ್ತದೆ. ಕುಗ್ಗುವಾಗ ಎಳೆಯುತ್ತದೆ. ಶೇಪ್ ಮೆಮರಿ ಆಕ್ಚುವೇಟರ್ ಅಂದರೆ ಇಷ್ಟೇ. ಬಿಸಿಯಾದರೆ ಲೋಹ ಹಿಗ್ಗಬೇಕಲ್ವಾ ಅಂತ ಕೇಳುತ್ತೀರಿ. ಸರಿಯಾದ ಪ್ರಶ್ನೆ. ಸಾಮಾನ್ಯ ಲೋಹ ಹಿಗ್ಗುತ್ತದೆ, ಅದೂ ಕಣ್ಣಿಗೆ ಕಾಣದಷ್ಟು. ಈ ತಂತಿ ಅದರ ಉಲ್ಟಾ ಕೆಲಸ ಮಾಡುತ್ತದೆ, ಕಣ್ಣಿಗೆ ಕಾಣುವಷ್ಟೇ ಮಾಡುತ್ತದೆ.

‘ಮೆಮರಿ’ ಅನ್ನುವ ಪದಕ್ಕೆ ಬರೋಣ. ಶೇಪ್ ಮೆಮರಿ ಅಂದರೆ ಆಕಾರದ ನೆನಪು. ನಾನು ಇದನ್ನು ನೆನಪಿನ ಲೋಹ ಅಂತಲೇ ಕರೆಯುತ್ತೇನೆ, ಹೇಳಲು ಸುಲಭ. ಆದರೆ ಈ ಪದ ಸ್ವಲ್ಪ ದಾರಿ ತಪ್ಪಿಸುತ್ತದೆ. ಲೋಹದೊಳಗೆ ಏನೂ ಬರೆದಿಟ್ಟಿಲ್ಲ. ಅಲ್ಲಿರುವುದು ಪರಮಾಣುಗಳ ಜೋಡಣೆ ಮಾತ್ರ.

ಹೀಗೆ ಊಹಿಸಿಕೊಳ್ಳಿ. ನಾಲ್ಕು ಕಡ್ಡಿಗಳನ್ನು ಮೂಲೆಗೊಂದು ಮೊಳೆ ಹೊಡೆದು ಚೌಕ ಮಾಡಿದ್ದೀರಿ. ಮೂಲೆಗೆ ಒಂದೇ ಮೊಳೆ ಇರುವುದರಿಂದ ಚೌಕ ಎಡಕ್ಕೂ ವಾಲುತ್ತದೆ, ಬಲಕ್ಕೂ ವಾಲುತ್ತದೆ. ಇಂಥ ಸಾವಿರಾರು ಚೌಕಗಳನ್ನು ಒಂದಕ್ಕೊಂದು ಅಂಟಿಸಿ. ಬಿಸಿಯಲ್ಲಿ ಎಲ್ಲವೂ ನೆಟ್ಟಗೆ ನಿಲ್ಲುತ್ತವೆ. ತಣ್ಣಗಾದಾಗ ಒಂದು ಸಾಲು ಎಡಕ್ಕೆ, ಮುಂದಿನ ಸಾಲು ಬಲಕ್ಕೆ ವಾಲುತ್ತವೆ. ಒಂದರ ವಾಲಿಕೆಯನ್ನು ಇನ್ನೊಂದು ಸರಿದೂಗಿಸುವುದರಿಂದ ಹೊರಗಿನಿಂದ ನೋಡಿದರೆ ಆಕಾರ ಹಾಗೇ ಇರುತ್ತದೆ. ಈಗ ಹಿಡಿದು ಎಳೆಯಿರಿ. ಎಲ್ಲ ಚೌಕಗಳೂ ಒಂದೇ ಕಡೆಗೆ ವಾಲಿ ತಂತಿ ಉದ್ದವಾಗುತ್ತದೆ, ಆದರೆ ಯಾವ ಮೊಳೆಯೂ ಕಿತ್ತು ಬಂದಿಲ್ಲ, ಪ್ರತಿ ಪರಮಾಣುವಿನ ಅಕ್ಕಪಕ್ಕದಲ್ಲಿ ಮೊದಲಿದ್ದ ಪರಮಾಣುಗಳೇ ಇವೆ. ಮತ್ತೆ ಬಿಸಿ ಮಾಡಿ. ವಾಲಲು ಹಲವು ದಿಕ್ಕುಗಳಿರಬಹುದು, ನೆಟ್ಟಗೆ ನಿಲ್ಲುವುದಕ್ಕೆ ಒಂದೇ ರೀತಿ. ಹಾಗಾಗಿ ಎಲ್ಲವೂ ಹಳೆಯ ಜಾಗಕ್ಕೇ ಬರುತ್ತವೆ. ನಾವು ನೆನಪು ಅನ್ನುವುದು ಇದಕ್ಕೆ. ನೆಟ್ಟಗಿರುವ ಸ್ಥಿತಿಗೆ ಆಸ್ಟೆನೈಟ್, ವಾಲಿದ ಸ್ಥಿತಿಗೆ ಮಾರ್ಟೆನ್ಸೈಟ್ ಅಂತ ಹೆಸರು.

ಎಳೆಯುವುದಕ್ಕೂ ಮಿತಿ ಇದೆ. ಉದ್ದದ ಶೇ. 8ರ ಆಸುಪಾಸು ದಾಟಿದರೆ ಮೊಳೆಗಳು ಕೀಳಲು ಶುರುವಾಗುತ್ತವೆ, ಅಲ್ಲಿಗೆ ನೆನಪೂ ಹೋಯಿತು. ಸಾವಿರಾರು ಸಲ ಕೆಲಸ ಮಾಡಬೇಕು ಅಂದರೆ ಎಂಜಿನಿಯರುಗಳು ಶೇ. 4ರಷ್ಟಕ್ಕೇ ನಿಲ್ಲಿಸುತ್ತಾರೆ.

ಈ ಗುಂಪಿನಲ್ಲಿ ಜಾಸ್ತಿ ಬಳಕೆಯಲ್ಲಿರುವ ಲೋಹ ನಿಟಿನಾಲ್. ಹೆಸರಿನಲ್ಲೇ ಅದರ ಊರಿದೆ. ನಿಕ್ಕಲ್‌ನ ‘ನಿ’, ಟೈಟಾನಿಯಂನ ‘ಟಿ’, ಕೊನೆಯ ‘ನಾಲ್’ ಅಂದರೆ ಅಮೆರಿಕದ ಮೇರಿಲ್ಯಾಂಡ್‌ನಲ್ಲಿದ್ದ ನೇವಲ್ ಆರ್ಡನೆನ್ಸ್ ಲ್ಯಾಬೊರೇಟರಿ, ಅಂದರೆ ನೌಕಾಪಡೆಯ ಶಸ್ತ್ರಾಸ್ತ್ರ ಪ್ರಯೋಗಾಲಯ. ಅಲ್ಲಿ ವಿಲಿಯಂ ಬ್ಯುಲರ್ ಅನ್ನುವ ಲೋಹತಜ್ಞರು 1950ರ ದಶಕದ ಕೊನೆಯಲ್ಲಿ ಕ್ಷಿಪಣಿಯ ಮೂತಿಗೆ ಶಾಖ ತಡೆಯುವ ಲೋಹ ಹುಡುಕುತ್ತಿದ್ದರು. ನಿಕ್ಕಲ್ ಟೈಟಾನಿಯಂ ಬೆರೆಸಿ ಎರಕ ಹೊಯ್ದ ಸರಳುಗಳನ್ನು ಕಾಂಕ್ರೀಟ್ ನೆಲಕ್ಕೆ ಬೀಳಿಸಿ ನೋಡಿದಾಗ, ಪೂರ್ತಿ ತಣ್ಣಗಾದ ಸರಳು ‘ದಬ್’ ಅಂತ ಸೀಸದಂತೆ ಬಿತ್ತು, ಇನ್ನೂ ಬೆಚ್ಚಗಿದ್ದದ್ದು ಗಂಟೆಯಂತೆ ‘ಠಣ್’ ಅಂದಿತು. ಬ್ಯುಲರ್ ಬೆಚ್ಚಗಿನ ಸರಳನ್ನು ಕುಡಿಯುವ ನೀರಿನ ನಲ್ಲಿಯ ಹತ್ತಿರ ಒಯ್ದು ತಣ್ಣಗೆ ಮಾಡಿ ಮತ್ತೆ ಬೀಳಿಸಿದರು. ಈಗ ಅದೂ ‘ದಬ್’. ಕುದಿಯುವ ನೀರಿನಲ್ಲಿಟ್ಟು ತೆಗೆದರೆ ಮತ್ತೆ ‘ಠಣ್’. ಒಂದೇ ಲೋಹ, ಬಿಸಿಯಲ್ಲಿ ಒಂದು ದನಿ, ತಣ್ಣಗಾದರೆ ಇನ್ನೊಂದು. ಒಳಗಿನ ಜೋಡಣೆಯೇ ಬದಲಾಗುತ್ತಿದೆ ಅಂತ ಅವರ ಕಿವಿಗೆ ಮೊದಲು ಗೊತ್ತಾಯಿತು. ನನಗೆ ಈ ಇಡೀ ಚರಿತ್ರೆಯಲ್ಲಿ ಅತಿ ಇಷ್ಟವಾದ ಗಳಿಗೆ ಇದು.

ಆಕಾರದ ಮಾತು ಆಮೇಲೆ ಬಂತು. 1961ರಲ್ಲಿ ಪ್ರಯೋಗಾಲಯದ ಒಂದು ಸಭೆಯಲ್ಲಿ ಈ ಲೋಹ ಎಷ್ಟು ಬಗ್ಗಿಸಿದರೂ ಮುರಿಯುವುದಿಲ್ಲ ಅಂತ ತೋರಿಸಲು, ಹಾರ್ಮೋನಿಯಂ ತಿದಿಯ ಹಾಗೆ ಮಡಚಿದ ಒಂದು ಪಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿದರು. ಡೇವಿಡ್ ಮಜ್ಜಿ ಅನ್ನುವ ಅಧಿಕಾರಿ ಸುಮ್ನೆ ಕುತೂಹಲಕ್ಕೆ ತಮ್ಮ ಪೈಪ್ ಹಚ್ಚುವ ಲೈಟರನ್ನು ಅದರ ಕೆಳಗೆ ಹಿಡಿದರು. ಪಟ್ಟಿ ಎಲ್ಲರ ಕಣ್ಣೆದುರೇ ಹಳೆಯ ಆಕಾರಕ್ಕೆ ಬಂತು. ಹೀಗೇಕೆ ಆಗುತ್ತದೆ ಅನ್ನುವುದನ್ನು ಬಿಡಿಸುವ ಕೆಲಸಕ್ಕೆ ಮುಂದೆ ಫ್ರೆಡರಿಕ್ ವಾಂಗ್ ಅನ್ನುವ ವಿಜ್ಞಾನಿ ಸೇರಿಕೊಂಡರು. ಬಂಗಾರ ಮತ್ತು ಕ್ಯಾಡ್ಮಿಯಂ ಬೆರಕೆಯಲ್ಲಿ ಇಂಥ ಗುಣ ಮೊದಲೇ ಕಂಡಿತ್ತು, ಆದರೆ ಬಂಗಾರದಿಂದ ಯಂತ್ರ ಮಾಡುವುದು ಆಗದ ಮಾತು.

ಲೋಹಕ್ಕೆ ಆಕಾರ ಕಲಿಸುವುದು ಹೇಗೆ? ಬೇಕಾದ ಆಕಾರದಲ್ಲಿ ಅಲುಗದಂತೆ ಬಿಗಿದು, 500 ಡಿಗ್ರಿ ಸೆಲ್ಸಿಯಸ್ ಹತ್ತಿರ ಕೆಲವು ನಿಮಿಷ ಕಾಯಿಸಿ, ನೀರಿನಲ್ಲಿ ಅದ್ದುತ್ತಾರೆ. ಅಲ್ಲಿಂದ ಮುಂದೆ ಅದೇ ಅದರ ನೆಟ್ಟಗಿರುವ ಆಕಾರ. ಕೆಲಸ ಶುರುಮಾಡುವ ಬಿಸಿ ಎಷ್ಟಿರಬೇಕು ಅನ್ನುವುದು ನಿಕ್ಕಲ್ ಟೈಟಾನಿಯಂ ಪ್ರಮಾಣದ ಮೇಲೆ ನಿಂತಿದೆ. ನಿಕ್ಕಲ್ ಒಂದು ಚೂರು ಜಾಸ್ತಿಯಾದರೂ ಆ ಬಿಸಿ ಎಷ್ಟೋ ಡಿಗ್ರಿ ಕೆಳಗೆ ಇಳಿದುಬಿಡುತ್ತದೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಎಷ್ಟು ಬಗ್ಗಿಸಿದರೂ ಮುರಿಯದ ಕನ್ನಡಕದ ಫ್ರೇಮ್‌ಗಳನ್ನು ಅಂಗಡಿಯವರು ಮೆಮರಿ ಫ್ರೇಮ್ ಅಂತ ಮಾರುತ್ತಾರೆ. ಕಾಲಿನ ರಕ್ತನಾಳಕ್ಕೆ ಹಾಕುವ, ತಾನೇ ಅರಳುವ ಸ್ಟೆಂಟ್‌ಗಳೂ ನಿಟಿನಾಲ್‌ದೇ. ಲೋಹ ಅದೇ, ಗುಣ ಬೇರೆ. ಅಲ್ಲಿ ಕೆಲಸ ಮಾಡುವುದು ಅತಿಯಾದ ಸ್ಪ್ರಿಂಗ್ ಗುಣ, ಕೈಬಿಟ್ಟ ತಕ್ಷಣ ಮರಳುವ ಗುಣ. ನಾವು ಮಾತಾಡುತ್ತಿರುವ ಆಕ್ಚುವೇಟರಿನಲ್ಲಿ ಬಿಸಿ ಕೊಟ್ಟಾಗಲೇ ಚಲನೆ.

ಇನ್ನು ಅದರ ಶಕ್ತಿ. 0.1 ಮಿ.ಮೀ. ದಪ್ಪದ ತಂತಿಯ 10 ಸೆಂ.ಮೀ. ತುಂಡು ತೆಗೆದುಕೊಳ್ಳಿ. ತೂಕ ಸುಮಾರು 5 ಮಿಲಿಗ್ರಾಂ. ಅದು 140 ಗ್ರಾಂ ಭಾರವನ್ನು 4 ಮಿ.ಮೀ. ಎತ್ತುತ್ತದೆ, ಸದ್ದಿಲ್ಲದೆ. ಎರಡು ಪೆನ್ಸಿಲ್ ಸೆಲ್ ಸಾಕು. ಇದನ್ನು ಓದಿದ ಯಾರಿಗಾದರೂ ಮೋಟಾರುಗಳನ್ನೆಲ್ಲ ಬಿಸಾಡೋಣ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು.

ಹಾಗಾಗದಿರುವುದಕ್ಕೆ ಕಾರಣಗಳಿವೆ. ಈ ತಂತಿಗೆ ಎಳೆಯುವುದು ಗೊತ್ತು, ತಳ್ಳುವುದು ಗೊತ್ತಿಲ್ಲ. ಒಮ್ಮೆ ಕುಗ್ಗಿದ ಮೇಲೆ ತಣ್ಣಗಾದರೂ ತಾನಾಗಿ ಉದ್ದವಾಗುವುದಿಲ್ಲ, ಯಾರಾದರೂ ಹಿಡಿದು ಎಳೆಯಬೇಕು. ಅದಕ್ಕೇ ಎದುರಿಗೆ ಒಂದು ಸ್ಪ್ರಿಂಗೋ ಭಾರವೋ ಇರಲೇಬೇಕು. ನಮ್ಮ ತೋಳಿನ ಸ್ನಾಯುವಿನದೂ ಇದೇ ಕತೆ, ಮಡಚಲು ಒಂದು, ಬಿಡಿಸಲು ಅದರ ಎದುರು ಇನ್ನೊಂದು. ಇದಕ್ಕಿಂತ ದೊಡ್ಡ ತೊಂದರೆ ತಣ್ಣಗಾಗುವುದು. ಬಿಸಿ ಮಾಡುವುದು ನಮ್ಮ ಕೈಯಲ್ಲಿದೆ, ಕರೆಂಟು ಜಾಸ್ತಿ ಮಾಡಿದರೆ ಆಯಿತು. ತಣ್ಣಗಾಗುವುದು ಗಾಳಿಯ ಕೈಯಲ್ಲಿದೆ. 0.025 ಮಿ.ಮೀ. ತಂತಿ ಸೆಕೆಂಡಿನ ಐದನೇ ಒಂದು ಭಾಗದಲ್ಲೇ ಆರುತ್ತದೆ. 0.1 ಮಿ.ಮೀ. ತಂತಿಗೆ ಒಂದು ಸೆಕೆಂಡು ಬೇಕು. 0.5 ಮಿ.ಮೀ. ತಂತಿಗೆ 16-17 ಸೆಕೆಂಡು. ಅಂದರೆ ಬಲ ಬೇಕು ಅಂತ ದಪ್ಪ ಮಾಡಿದರೆ ವೇಗ ಹೋಗುತ್ತದೆ. ಜೊತೆಗೆ ಕೊಟ್ಟ ಶಕ್ತಿಯಲ್ಲಿ ಕೆಲಸಕ್ಕೆ ಬರುವುದು ಬಹಳ ಕಡಿಮೆ, ಉಳಿದದ್ದೆಲ್ಲ ಶಾಖವಾಗಿ ಹೋಗುತ್ತದೆ.

ಈ ಮಿತಿಗಳನ್ನು ಅರಿತು ಸರಿಯಾದ ಜಾಗ ಹುಡುಕುವುದರಲ್ಲೇ ಈ ಲೋಹದ ಎಂಜಿನಿಯರಿಂಗ್ ಇದೆ ಅಂತ ನನ್ನ ಅಭಿಪ್ರಾಯ. ಕ್ಯಾಲಿಫೋರ್ನಿಯಾದ ಎ. ಡೇವಿಡ್ ಜಾನ್ಸನ್ ಅವರ ಆವಿಷ್ಕಾರಗಳನ್ನು ಸಾಲಾಗಿಟ್ಟು ನೋಡಿದರೆ ಅದು ಚೆನ್ನಾಗಿ ಕಾಣುತ್ತದೆ.

1973ರಲ್ಲಿ ತೈಲದ ಬಿಕ್ಕಟ್ಟು ಬಂತು. ಅದೇ ವರ್ಷ ಬರ್ಕ್ಲಿಯ ಪ್ರಯೋಗಾಲಯದಲ್ಲಿ ರಿಡ್ಜ್‌ವೇ ಬ್ಯಾಂಕ್ಸ್ ಅನ್ನುವವರು ಬಿಸಿನೀರು ತಣ್ಣೀರಿನ ನಡುವೆ ತಾನೇ ತಿರುಗುವ ನಿಟಿನಾಲ್ ಚಕ್ರ ಕಟ್ಟಿದರು. ಪೆಟ್ರೋಲ್ ಬೇಡ, ಕಾರ್ಖಾನೆಗಳು ಚರಂಡಿಗೆ ಬಿಡುವ ಬಿಸಿನೀರಿನಿಂದಲೇ ಎಂಜಿನ್ ಓಡಿಸಬಹುದು ಅನ್ನುವ ಆಸೆ ಹಲವರಿಗೆ ಹುಟ್ಟಿತು. ಜಾನ್ಸನ್ ಕೂಡ ಅಂಥ ಎಂಜಿನ್ ಮಾಡಿ 1977ರಲ್ಲಿ ಪೇಟೆಂಟ್ ಪಡೆದರು. ಹಿಟ್ಟಿನ ಗಿರಣಿಯ ಬೆಲ್ಟಿನ ಹಾಗೆ ರಾಟೆಗಳ ಮೇಲೆ ಓಡುವ ನಿಟಿನಾಲ್ ಸ್ಪ್ರಿಂಗು, ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು. ಓಡಿತು ನಿಜ. ಆದರೆ ಎಡೆಬಿಡದೆ ಬಿಸಿಯಾಗಿ ಎಡೆಬಿಡದೆ ತಣ್ಣಗಾಗು ಅಂತ ಕೇಳುವುದು ಈ ಲೋಹದ ಕೈಲಾಗದ್ದನ್ನೇ ಕೇಳಿದ ಹಾಗೆ. ಇಂಥ ಎಂಜಿನ್‌ಗಳು ಊರಿಗೆ ಕರೆಂಟು ಕೊಡುವಷ್ಟು ಬೆಳೆಯಲಿಲ್ಲ.

ಮುಂದೆ ಅವರು ಟಿನಿ ಅಲಾಯ್ ಅನ್ನುವ ಕಂಪನಿ ಕಟ್ಟಿದರು. ಅಲ್ಲಿ ಬಂದದ್ದು ಫ್ರ್ಯಾಂಜಿಬೋಲ್ಟ್. ಉಪಗ್ರಹ ಹಾರುವಾಗ ಸೌರಫಲಕಗಳನ್ನು ಮಡಚಿ ಬೋಲ್ಟಿನಿಂದ ಬಿಗಿದಿರುತ್ತಾರೆ, ಮೇಲೆ ಹೋದಮೇಲೆ ಬಿಚ್ಚಬೇಕು. ಅಲ್ಲಿ ಸ್ಪ್ಯಾನರ್ ಹಿಡಿಯಲು ಯಾರಿದ್ದಾರೆ? ಅದಕ್ಕೇ ಬೋಲ್ಟಿನಲ್ಲೇ ಸಿಡಿಮದ್ದು ಇಟ್ಟು ಒಡೆಯುತ್ತಿದ್ದರು. ಆ ಹೊಡೆತಕ್ಕೆ ಸೂಕ್ಷ್ಮ ಉಪಕರಣಗಳು ನಡುಗುತ್ತವೆ. ಇನ್ನೊಂದು ತೊಂದರೆಯೂ ಇದೆ. ಸಿಡಿಮದ್ದನ್ನು ಪರೀಕ್ಷೆ ಮಾಡಿದರೆ ಅದು ಅಲ್ಲಿಗೆ ಮುಗಿಯಿತು, ಆದ್ದರಿಂದ ನಾವು ಹಾರಿಸುವುದು ಯಾವಾಗಲೂ ಪರೀಕ್ಷೆಯೇ ಆಗದ ತುಂಡನ್ನು.

ಜಾನ್ಸನ್ ಮಾಡಿದ್ದು ಹೀಗೆ. ಒಂದು ದಪ್ಪ ನಿಟಿನಾಲ್ ಕೊಳವೆ. ಅದನ್ನು ಮೊದಲೇ ಪ್ರೆಸ್ಸಿನಲ್ಲಿ ಅದುಮಿ ಗಿಡ್ಡ ಮಾಡಿರುತ್ತಾರೆ. ಅದರ ನಡುವೆ ತೂರಿಸಿದ ಬೋಲ್ಟಿಗೆ ಒಂದು ಕಡೆ ಕಚ್ಚು ಹಾಕಿರುತ್ತಾರೆ. ಕೊಳವೆಯ ಸುತ್ತ ಹೀಟರ್. ಆದೇಶ ಬಂದಾಗ ಹೀಟರ್ ಹೊತ್ತಿಕೊಳ್ಳುತ್ತದೆ, ಕೊಳವೆ ತನ್ನ ಹಳೆಯ ಉದ್ದಕ್ಕೆ ಬೆಳೆಯುತ್ತದೆ, ಬೋಲ್ಟು ಹಿಗ್ಗಿ ಹಿಗ್ಗಿ ಕಚ್ಚಿನ ಜಾಗದಲ್ಲಿ ಮುರಿಯುತ್ತದೆ. ಹೊಗೆ ಇಲ್ಲ, ಮದ್ದಿಲ್ಲ. ನೆಲದ ಮೇಲೆ ಪರೀಕ್ಷೆ ಮಾಡಿ, ಅದೇ ಕೊಳವೆಯನ್ನು ಮತ್ತೆ ಅದುಮಿ, ಹೊಸ ಬೋಲ್ಟು ಹಾಕಿ ಹಾರಿಸಬಹುದು. 1994ರ ಜನವರಿಯಲ್ಲಿ ಚಂದ್ರನತ್ತ ಹೊರಟ ಕ್ಲೆಮೆಂಟೈನ್ ನೌಕೆಯ ಸೌರಫಲಕಗಳು ಇದರಿಂದಲೇ ಬಿಚ್ಚಿಕೊಂಡವು.

ಗಮನಿಸಿ, ಇಲ್ಲಿ ಲೋಹ ಒಂದೇ ಸಲ ಕೆಲಸ ಮಾಡಿದರೆ ಸಾಕು. ತಣ್ಣಗಾಗುವ ಮಾತೇ ಇಲ್ಲ. ನಿಧಾನವಾದರೂ ತೊಂದರೆಯಿಲ್ಲ. ಬೇಕಾದದ್ದು ಅಪಾರ ಬಲ ಮಾತ್ರ, ಅದು ಈ ಲೋಹದ ಹತ್ತಿರ ಬೇಕಾದಷ್ಟಿದೆ. ಇದೇ ಜಾಡಿನಲ್ಲಿ ಅವರು ಇನ್ನೊಂದು ತುದಿಗೂ ಹೋದರು. ಸಿಲಿಕಾನ್ ಚಿಪ್ಪಿನ ಮೇಲೆ ನಿಟಿನಾಲ್‌ನ ಕೆಲವೇ ಮೈಕ್ರಾನ್ ದಪ್ಪದ ಪದರ ಹರಡಿ, ಪುಟಾಣಿ ಕವಾಟಗಳನ್ನು ಮಾಡಿದರು. ಅಷ್ಟು ತೆಳುವಾದದ್ದು ಕಣ್ಣು ಮಿಟುಕಿಸುವುದರೊಳಗೆ ಆರಿಬಿಡುತ್ತದೆ.

ಬೇರೆಯವರ ಕೆಲಸಗಳೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿವೆ. 1997ರಲ್ಲಿ ಮಂಗಳಕ್ಕೆ ಇಳಿದ ಸೋಜರ್ನರ್ ರೋವರಿನಲ್ಲಿ, ಸೌರಕೋಶದ ಮೇಲೆ ಎಷ್ಟು ಧೂಳು ಕೂರುತ್ತದೆ ಅಂತ ಅಳೆಯಲು ಗಾಜಿನ ಮುಚ್ಚಳ ಸರಿಸಿದ್ದು ಇಂಥ ಒಂದು ತಂತಿ. 2005ರಲ್ಲಿ ಬೋಯಿಂಗ್ ತನ್ನ 777 ವಿಮಾನದ ಎಂಜಿನ್ನಿನ ಹಿಂಬದಿಯ ಗರಗಸದಂಥ ಅಂಚಿಗೆ ನಿಟಿನಾಲ್ ಪಟ್ಟಿ ಜೋಡಿಸಿ ಪರೀಕ್ಷಿಸಿತು. ಟೇಕಾಫ್ ಹೊತ್ತಿನಲ್ಲಿ ಅಂಚು ಒಳಕ್ಕೆ ಬಾಗಿ ಸದ್ದು ಕಡಿಮೆಯಾಗುತ್ತದೆ, ಎತ್ತರದ ಚಳಿಯಲ್ಲಿ ನೆಟ್ಟಗಾಗಿ ಇಂಧನ ಉಳಿಯುತ್ತದೆ. 2014ರ ಕಾರ್ವೆಟ್ ಕಾರಿನಲ್ಲಿ ಡಿಕ್ಕಿ ಮುಚ್ಚುವಾಗ ಒಳಗಿನ ಗಾಳಿ ಹೊರಹೋಗಲು ಕಿಂಡಿ ತೆರೆಯುವುದೂ ಇದೇ ತಂತಿ, ಮೋಟಾರಿಗೆ ಹೋಲಿಸಿದರೆ ಅರ್ಧ ಕೆಜಿ ಉಳಿತಾಯ. ಕೆಲವು ಫೋನ್‌ಗಳ ಕ್ಯಾಮೆರಾದಲ್ಲಿ ಕೈನಡುಕ ಸರಿದೂಗಿಸಲು ಲೆನ್ಸನ್ನು ಎಳೆದಾಡುವುದು ಕೂದಲಿಗಿಂತ ತೆಳುವಾದ ನಿಟಿನಾಲ್ ಎಳೆಗಳು. ಕುಗ್ಗುವಾಗ ತಂತಿಯ ರೆಸಿಸ್ಟೆನ್ಸ್, ಅಂದರೆ ಅದು ಕರೆಂಟಿಗೆ ಒಡ್ಡುವ ತಡೆ ಕೂಡ ಬದಲಾಗುತ್ತದೆ, ಹಾಗಾಗಿ ಎಷ್ಟು ಎಳೆದಿದೆ ಅನ್ನುವುದನ್ನು ತಂತಿಯಿಂದಲೇ ತಿಳಿಯಬಹುದು, ಬೇರೆ ಸೆನ್ಸರ್ ಬೇಡ.

2020ರಲ್ಲಿ ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ತೋರಿಸಿದ ರೋಬೀಟಲ್‌ಗೆ ಬ್ಯಾಟರಿಯೂ ಇಲ್ಲ. 88 ಮಿಲಿಗ್ರಾಂ ತೂಕದ ಜೀರುಂಡೆಯಂಥ ರೋಬೋಟು ಅದು. ತಂತಿಗೆ ಪ್ಲಾಟಿನಂ ಪುಡಿ ಲೇಪಿಸಿದ್ದಾರೆ. ಮೆಥನಾಲ್ ಆವಿ ಅದರ ಮೇಲೆ ಉರಿದಾಗ ತಂತಿ ಬಿಸಿಯಾಗಿ ಕುಗ್ಗುತ್ತದೆ, ಕುಗ್ಗುವಾಗ ಆವಿಯ ಕಿಂಡಿಯನ್ನು ತಾನೇ ಮುಚ್ಚುತ್ತದೆ, ಆರಿದಾಗ ಕಿಂಡಿ ತೆರೆಯುತ್ತದೆ. ಈ ಒಂದು ಏರ್ಪಾಟಿನಿಂದಲೇ ಅದು ಹೆಜ್ಜೆ ಹಾಕುತ್ತದೆ.

ಕಾಲೇಜಿನ ಪ್ರಾಜೆಕ್ಟಿಗೆ ಈ ತಂತಿ ತರಿಸುವವರಿಗೆ ಎರಡು ಮಾತು. ಬೆಸುಗೆ ಹಾಕಲು ಹೋಗಬೇಡಿ. ನಿಟಿನಾಲ್‌ಗೆ ಬೆಸುಗೆ ಹಿಡಿಯುವುದು ಕಷ್ಟ, ಆ ಶಾಖಕ್ಕೆ ತುದಿಯ ಗುಣವೂ ಕೆಡುತ್ತದೆ. ಸಣ್ಣ ಹಿತ್ತಾಳೆ ಕೊಳವೆಯೊಳಗೆ ತೂರಿಸಿ ಇಕ್ಕಳದಿಂದ ಒತ್ತಿ ಬಿಗಿಯಿರಿ. ಮತ್ತೆ, ತಂತಿ ಪೂರ್ತಿ ಕುಗ್ಗಿದ ಕೂಡಲೇ ಕರೆಂಟು ತೆಗೆಯಿರಿ. ನಾನು ಮೊದಲ ಸಲ ಇನ್ನೂ ಸ್ವಲ್ಪ ಎಳೆಯಲಿ ಅಂತ ಹಿಡಿದೇ ಇದ್ದೆ. ತಂತಿ ಆಮೇಲೆ ಕುಗ್ಗುವುದನ್ನೇ ನಿಲ್ಲಿಸಿತು, ಹೊಸ ತುಂಡಿಗಾಗಿ ಎರಡು ವಾರ ಕಾಯಬೇಕಾಯಿತು.